ಜಗಲಿಯಿಂದ ಪದವಿಯವರೆಗೆ

ನ್ಯಾಮತಿಗೆ ಸಮೀಪದ ನಮ್ಮ ತಾಯಿಯ ತವರುಮನೆಯನ್ನು 2019ರಲ್ಲಿ ಕೆಡವಿ ಹೊಸದಾಗಿ ಕಟ್ಟಿಸಿದಾಗ, ಅಟ್ಟದ ಮೇಲಿದ್ದ ಮರದ ಪೆಟ್ಟಿಗೆಯೊಂದು ನನ್ನ ಪಾಲಿಗೆ ಬಂತು. ಮಿಕ್ಕವರಿಗೆ ಅದು ಬೇಡವಾಗಿತ್ತು ಎಂಬುದೇ ನಿಜವಾದ ಕಾರಣ. ಪೆಟ್ಟಿಗೆಯ ತಳದಲ್ಲಿ, ಹಳೆಯ ಪಂಚಾಂಗಗಳ ಕೆಳಗೆ, ಹಿಂದುಮುಂದಾಗಿ ಮಡಿಸಿಟ್ಟ ಕಪ್ಪು ಬಟ್ಟೆಯ ಕಟ್ಟೊಂದು ಸಿಕ್ಕಿತು. ಅಂಚನ್ನು ಇಲಿ ಕಡಿದಿದೆ. ಮಡಿಕೆಗಳಲ್ಲಿ ಬಟ್ಟೆ ಬಿರಿದಿದೆ. ಆದರೂ ಬೆಳಕಿಗೆ ಹಿಡಿದು ನೋಡಿದರೆ, ಬಳಪದ ಮಾಸಿದ ಗೆರೆಗಳಲ್ಲಿ ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿಗಳನ್ನು ಇಂದಿಗೂ ಓದಬಹುದು.

ಇದಕ್ಕೆ ಕಡತವೆಂದು ಹೆಸರು. ಇಂದು ಕಡತವೆಂದರೆ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ತೆವಳುವ ಕಾಗದದ ಕಟ್ಟು ನಮ್ಮ ಕಣ್ಣಿಗೆ ಬರುತ್ತದೆ. ಹಿರಿಯರ ಕಾಲದಲ್ಲಿ ಅದು ಬಟ್ಟೆಯ ಪುಸ್ತಕ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ, ಒರಟು ಬಟ್ಟೆಗೆ ಬಳಿದು ಒಣಗಿಸಿ, ಮಡಿಸಿಟ್ಟುಕೊಂಡರೆ ಕಡತವಾಯಿತು. ಬಳಪದಿಂದ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ಅಂಗಡಿಯವರೂ ಶಾನುಭೋಗರೂ ಲೆಕ್ಕ ಬರೆದಿಡುತ್ತಿದ್ದುದು ಇದರಲ್ಲಿಯೇ. ಮಕ್ಕಳು ಅಕ್ಷರ ತಿದ್ದುತ್ತಿದ್ದುದೂ ಇದರಲ್ಲಿಯೇ. ನಮ್ಮ ಮನೆಯ ಈ ಕಡತ ನನ್ನ ಮುತ್ತಜ್ಜನದು, ಎಂದರೆ ತಾಯಿಯ ಅಜ್ಜನದು. ಅವರು ಸರಕಾರದ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಮೊಮ್ಮಗಳು ಮೈಸೂರು ವಿಶ್ವವಿದ್ಯಾನಿಲಯದ ಪದವೀಧರೆಯಾದಳು. ಹತ್ತು ವರ್ಷ ತುಂಬಿದ ಮೇಲೆ ಆಕೆಯೂ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಈ ಎರಡು ಸಂಗತಿಗಳ ನಡುವೆ ಇರುವ ಕಥೆ ನಮ್ಮ ಮನೆಯೊಂದರದೇ ಅಲ್ಲವೆಂದು ತೋರಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮುತ್ತಜ್ಜ ಕಲಿತದ್ದು ಐಗಳ ಮಠದಲ್ಲಿ. ಕೆಲವು ಸೀಮೆಗಳಲ್ಲಿ ಇದಕ್ಕೆ ಕೂಲಿಮಠವೆಂದೂ ಹೇಳುತ್ತಿದ್ದರು. ಮಠವೆಂದೊಡನೆ ಕಲ್ಲಿನ ಕಟ್ಟಡ, ಗೋಪುರ ಎಂದು ಯಾರೂ ಎಣಿಸಬಾರದು. ಊರಿನ ಅನುಕೂಲಸ್ಥರೊಬ್ಬರ ಮನೆಯ ಜಗಲಿ, ಇಲ್ಲವೆ ಗುಡಿಯ ಪೌಳಿ; ಅಲ್ಲಿ ಚಾಪೆ ಹಾಸಿ ಕುಳಿತ ಐಗಳು; ಎದುರಿಗೆ ಹತ್ತು ಹನ್ನೆರಡು ಹುಡುಗರು. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಆಮೇಲೆ ಹಲಗೆ, ಆಮೇಲೆ ಕಡತ. ದೊಡ್ಡ ಹುಡುಗ ಚಿಕ್ಕ ಹುಡುಗನಿಗೆ ಹೇಳಿಕೊಡುವನು. ಐಗಳು ದೊಡ್ಡ ಹುಡುಗನಿಗೆ ಹೇಳಿಕೊಡುವರು. ಸಂಬಳವೆಂದರೆ ಕಾಳು, ಬೆಲ್ಲ, ಅಷ್ಟಿಷ್ಟು ದುಡ್ಡು. ಮಾನವಮಿ ಬಂದರೆ ಹುಡುಗರನ್ನು ಸಾಲಾಗಿ ಕರೆದುಕೊಂಡು ಮನೆಮನೆಗೆ ಹೋಗಿ ಪದ ಹೇಳಿಸಿ ಐಗಳು ಕಾಣಿಕೆ ಪಡೆಯುತ್ತಿದ್ದರು. ಇದನ್ನು ಶಾಲೆ ಎನ್ನಬೇಕೊ ಮನೆ ಎನ್ನಬೇಕೊ ಹೇಳುವುದು ಕಷ್ಟ. ಮನೆ ಎಲ್ಲಿ ಮುಗಿಯಿತು, ಶಾಲೆ ಎಲ್ಲಿ ಮೊದಲಾಯಿತು ಎಂದು ಆ ಕಾಲದವರು ಗೆರೆ ಎಳೆದಿರಲಿಲ್ಲ.

ಗೆರೆ ಎಳೆಯಲು ಮೊದಲು ಹೊರಟವರು ಇಂಗ್ಲಿಷರ ಲೆಕ್ಕದವರು. 1822ರಲ್ಲಿ ಮದರಾಸಿನ ಗವರ್ನರಾಗಿದ್ದ ಸರ್ ತಾಮಸ್ ಮನ್ರೋ ತನ್ನ ಪ್ರಾಂತದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂದು ಕಲೆಕ್ಟರುಗಳನ್ನು ಕೇಳಿದನು. ನಮ್ಮ ಸೀಮೆ ಮೈಸೂರು ಸಂಸ್ಥಾನಕ್ಕೆ ಸೇರಿದ್ದುದರಿಂದ ಆ ಎಣಿಕೆಗೆ ಒಳಪಡಲಿಲ್ಲ. ಆದರೆ ಜಗಳೂರಿನ ಎಲ್ಲೆಗೆ ಹೊಂದಿಕೊಂಡಿದ್ದ ಬಳ್ಳಾರಿ ಜಿಲ್ಲೆ ಒಳಪಟ್ಟಿತು. ಅಲ್ಲಿನ ಕಲೆಕ್ಟರ್ ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಕಳಿಸಿದ ವರದಿಯಂತೆ ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ಓದುವ ಮಕ್ಕಳು 6,641. ಸಾವಿರಕ್ಕೆ ಸುಮಾರು ಏಳು ಮಂದಿ ಮಾತ್ರ. ಕನ್ನಡ ಕಲಿಸುವ ಶಾಲೆಗಳು 235. ಇಡೀ ಜಿಲ್ಲೆಯಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗಿಯರ ಸಂಖ್ಯೆ 60. ಖರ್ಚಿಲ್ಲದೆ ಬರವಣಿಗೆ ಕಲಿಸುವ ಕ್ರಮವನ್ನೂ, ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಕಲಿಸುವ ಪದ್ಧತಿಯನ್ನೂ ಕ್ಯಾಂಬೆಲ್ ಬಹಳ ಮೆಚ್ಚಿಕೊಂಡನು; ಬಡತನದಿಂದ ಶಾಲೆಗಳು ಕ್ಷೀಣಿಸುತ್ತಿವೆ ಎಂದೂ ಬರೆದನು.

ಆ ವಿಚಾರಣೆಯಲ್ಲಿ ನನಗೆ ಎಲ್ಲಕ್ಕಿಂತ ಸ್ವಾರಸ್ಯವೆನಿಸಿದ್ದು ಮದರಾಸು ನಗರದ ಲೆಕ್ಕ. ಅಲ್ಲಿ ಶಾಲೆಗಳಲ್ಲಿ ಓದುತ್ತಿದ್ದವರು 5,523. ಮನೆಯಲ್ಲಿಯೇ ಪಾಠ ಹೇಳಿಸಿಕೊಳ್ಳುತ್ತಿದ್ದವರು 26,963. ಶಾಲೆಗೆ ಹೋಗುವವರ ಐದರಷ್ಟು ಮಂದಿ ಮನೆಯಲ್ಲಿ ಕಲಿಯುತ್ತಿದ್ದರೆಂದಾಯಿತು. 1826ರಲ್ಲಿ ತನ್ನ ಅಭಿಪ್ರಾಯವನ್ನು ದಾಖಲಿಸುವಾಗ ಮನ್ರೋವಿಗೇ ಈ ಸಂಖ್ಯೆಯಲ್ಲಿ ಏನೋ ತಪ್ಪಿರಬೇಕೆಂದು ಅನುಮಾನ ಬಂತು. ಇರಲಿ; ಅರ್ಧದಷ್ಟು ತಪ್ಪೆಂದುಕೊಂಡರೂ ಮನೆಯ ವಿದ್ಯೆ ಎಷ್ಟು ವಿಸ್ತಾರವಾಗಿತ್ತೆಂಬುದಕ್ಕೆ ಅದು ಸಾಕ್ಷಿ. ಇಂದು ನಗರದ ಕೆಲವು ತಂದೆತಾಯಿಗಳು ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲಿ ಓದಿಸುತ್ತಾರೆಂದು ಕೇಳಿ ನಾವು ಹುಬ್ಬೇರಿಸುತ್ತೇವೆ. ಇನ್ನೂರು ವರ್ಷದ ಹಿಂದೆ ಹುಬ್ಬೇರಿಸಲು ಕಾರಣವೇ ಇರಲಿಲ್ಲ.

ಹಾಗೆಂದು ಆ ಕಾಲವನ್ನು ಚಿನ್ನದ ಕಾಲವೆನ್ನಲು ನಾನು ಒಪ್ಪಲಾರೆ. ಬಳ್ಳಾರಿಯ ಆ 60 ಹುಡುಗಿಯರೇ ಅಡ್ಡ ಬರುತ್ತಾರೆ. ಜಗಲಿಯ ಮೇಲೆ ಯಾರು ಕೂರಬಹುದು, ಯಾರು ಅಂಗಳದಲ್ಲಿ ನಿಂತು ಕೇಳಬೇಕು, ಯಾರು ಕೇಳಲೂ ಕೂಡದು ಎಂಬುದನ್ನು ಜಾತಿಯೂ ಲಿಂಗವೂ ಮೊದಲೇ ತೀರ್ಮಾನಿಸಿದ್ದವು. ಇದನ್ನು ಮುರಿಯುವ ಕೆಲಸಕ್ಕೆ ಸರಕಾರವೇ ಕೈಹಾಕಬೇಕಾಯಿತು. ಮೈಸೂರಿನಲ್ಲಿ 1857ರಲ್ಲಿ ವಿದ್ಯಾ ಇಲಾಖೆ ಸ್ಥಾಪನೆಯಾಯಿತು. 1868ರಿಂದ ಹೋಬಳಿಗೊಂದು ಶಾಲೆಯೆಂಬ ಯೋಜನೆ ನಡೆಯಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ 1913ರ ಕಾನೂನು ಕಡ್ಡಾಯ ಪ್ರಾಥಮಿಕ ವಿದ್ಯಾಭ್ಯಾಸಕ್ಕೆ ದಾರಿ ಮಾಡಿತು. 1916ರಲ್ಲಿ ವಿಶ್ವವಿದ್ಯಾನಿಲಯ ಬಂತು. ಇವೆಲ್ಲ ನಮ್ಮ ನಾಡಿನ ಭಾಗ್ಯ.

ಆದರೆ ಇಲಾಖೆಯ ಹಿಂದೆಯೇ ತರಗತಿ, ಪರೀಕ್ಷೆ, ಸರ್ಟಿಫಿಕೇಟು ಇವೂ ಬಂದವು. ಅದುವರೆಗೆ ‘ಇವರೇನು ಬಲ್ಲರು?’ ಎಂದು ಕೇಳುತ್ತಿದ್ದವರು ‘ಇವರು ಏನು ಪಾಸಾಗಿದ್ದಾರೆ?’ ಎಂದು ಕೇಳತೊಡಗಿದರು. ನಂಜನಗೂಡು ತಿರುಮಲಾಂಬ ಅವರು ಹದಿನಾಲ್ಕನೆಯ ವಯಸ್ಸಿನಲ್ಲಿ ವಿಧವೆಯಾಗಿ, ತಂದೆಯ ಆಸರೆಯಲ್ಲಿ ಮನೆಯೊಳಗೇ ಓದಿ ಕಾದಂಬರಿ ಬರೆದರು, ಗ್ರಂಥಮಾಲೆ ನಡೆಸಿದರು, ‘ಕರ್ಣಾಟಕ ನಂದಿನಿ’ ಪತ್ರಿಕೆಯನ್ನು ಹೊರಡಿಸಿದರು. ಅವರ ವಿದ್ಯೆಯನ್ನು ಅಳೆಯಲು ಯಾವ ತರಗತಿಯೂ ಇರಲಿಲ್ಲ. ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ದಾಟಲಿಲ್ಲ. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ಅವರಿಗೆ ಡಿ.ಲಿಟ್. ಕೊಟ್ಟು ತನ್ನನ್ನು ಗೌರವಿಸಿಕೊಂಡಿತು. ಆದರೆ ಎಲ್ಲರೂ ಗುಂಡಪ್ಪನವರಾಗಲಾರರು. ಮನೆಯಲ್ಲಿ ಕಲಿತ ಸಾಮಾನ್ಯರು ಸರಕಾರದ ಪುಸ್ತಕದಲ್ಲಿ ಕಲಿಯದವರಾಗಿಯೇ ಉಳಿದರು. ನನ್ನ ತಾಯಿಯ ಕಥೆ ಆರಂಭವಾಗುವುದು ಇಲ್ಲಿಂದ.

ಅವ್ವ ಹುಟ್ಟಿದ್ದು 1948ರಲ್ಲಿ. ಊರಿನ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಮಾತ್ರ ಇತ್ತು. ಮುಂದೆ ಓದಬೇಕಾದರೆ ನ್ಯಾಮತಿಗೆ ನಡೆಯಬೇಕು. ಗಂಡುಮಕ್ಕಳು ನಡೆದರು, 1958ರಲ್ಲಿ ಅವ್ವನ ಓದು ನಿಂತಿತು. ಮೂರು ವರ್ಷ ಕಳೆದು ಅವಳ ತಂಗಿಯದೂ ಅದೇ ತರಗತಿಯಲ್ಲಿ ನಿಂತಿತು. ಆಗ ಮುತ್ತಜ್ಜನಿಗೆ ಎಂಬತ್ತರ ಸಮೀಪ. ಅವರು ಯಾರೊಂದಿಗೂ ವಾದ ಮಾಡಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಕ್ಕಳನ್ನು ಜಗಲಿಗೆ ಕರೆದು ಕೂರಿಸಿಕೊಂಡರು. ಜೈಮಿನಿ ಭಾರತವನ್ನು ಓದಿಸಿದರು, ಅರ್ಥ ಹೇಳಿಸಿದರು, ಅಡಿಕೆ ಬತ್ತದ ಲೆಕ್ಕವನ್ನು ಬಾಯಲ್ಲಿ ಹಾಕಿಸಿದರು. ಒಂದು ತೊಡಕು ಮಾತ್ರ ಇತ್ತು. ಮುತ್ತಜ್ಜನ ಲೆಕ್ಕವೆಲ್ಲ ಆಣೆ ಕಾಸಿನದು. 1957ರಿಂದ ದೇಶದಲ್ಲಿ ನಯಾಪೈಸೆ ಬಂದಿತ್ತು. ಅಣ್ಣಂದಿರ ಪುಸ್ತಕ ನೋಡಿ ಹುಡುಗಿಯರು ನಯಾಪೈಸೆ ಕಲಿತು, ಅದನ್ನು ಅಜ್ಜನಿಗೆ ಕಲಿಸಿದರಂತೆ.

1966ರಲ್ಲಿ ಅವ್ವ ಚನ್ನಗಿರಿಗೆ ಸೊಸೆಯಾಗಿ ಬಂದಳು. ನನ್ನ ತಂದೆಯ ತಂದೆ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದು ನಿವೃತ್ತರಾಗಿದ್ದರು. ಒಂದು ಮಧ್ಯಾಹ್ನ ಸೊಸೆ ಅಕ್ಕಿ ಆರಿಸುತ್ತ, ಪಕ್ಕದಲ್ಲಿ ಹರವಿದ್ದ ಹಳೆಯ ವೃತ್ತಪತ್ರಿಕೆಯನ್ನು ಓದುತ್ತಿದ್ದುದನ್ನು ಅಜ್ಜ ಕಂಡರು. ಅಕ್ಕಿಗಿಂತ ಕಾಗದದ ಮೇಲೇ ಕಣ್ಣು ಹೆಚ್ಚಾಗಿತ್ತೆಂದು ಅವರು ಆಮೇಲೆ ನಗುತ್ತಿದ್ದರು. ‘ಎಷ್ಟನೇ ಕ್ಲಾಸು ತಾಯೀ?’ ಎಂದರು. ‘ನಾಲ್ಕು, ಮಾವ’ ಎಂದಳು. ‘ನಾಲ್ಕನೇ ಕ್ಲಾಸಿನವರು ಸಂಪಾದಕೀಯ ಓದುವುದಿಲ್ಲವಲ್ಲ!’ ಎಂದರಂತೆ.

ಮೇಷ್ಟರಿಗೆ ಇಲಾಖೆಯ ಒಳಹೊರಗೆಲ್ಲ ಗೊತ್ತು. ಶಾಲೆಗೆ ಹೋಗದವರೂ ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಬಹುದೆಂಬುದು ಅವರಿಗೆ ತಿಳಿದಿತ್ತು. ಅಂದಿನಿಂದ ನಮ್ಮ ಮನೆಯ ನಡುಮನೆ ಶಾಲೆಯಾಯಿತು. ಬೆಳಿಗ್ಗೆ ನಾಲ್ಕೂವರೆಯಿಂದ ಆರರವರೆಗೆ ಗಣಿತ, ಇಂಗ್ಲಿಷು. ಆರಕ್ಕೆ ಶಾಲೆ ಮುಗಿದು ಒಲೆ ಹತ್ತಬೇಕು. ಇಂಗ್ಲಿಷಿನ ಮೊದಲಕ್ಷರ ಅವಳಿಗೆ ಬರುತ್ತಿರಲಿಲ್ಲ; ಹತ್ತೊಂಬತ್ತನೆಯ ವಯಸ್ಸಿನಲ್ಲಿ, ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದನ್ನು ತಿದ್ದಿದಳು. ಅಜ್ಜಿಗೆ ಇದು ಹಿಡಿಸಲಿಲ್ಲ. ‘ಸೊಸೆಗೆ ಪಾಠ ಹೇಳುವ ಮಾವನನ್ನು ಎಲ್ಲಿಯೂ ಕಾಣೆ’ ಎಂದು ನೆರೆಯವರ ಕಿವಿಗೂ ಬೀಳುವಂತೆ ಹೇಳುತ್ತಿದ್ದರು. ಆದರೆ ಸೊಸೆ ಎದ್ದ ಹೊತ್ತಿಗೇ ತಾವೂ ಎದ್ದು, ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದವರೂ ಅವರೇ.

1971ರಲ್ಲಿ ಪರೀಕ್ಷೆಗೆ ಕಟ್ಟಿದರು. ತವರಿನಲ್ಲಿದ್ದು ಓದಿದರೆ ಕೆಲಸದ ಹೊರೆ ಕಡಿಮೆಯೆಂದು ಹೊನ್ನಾಳಿಯನ್ನು ಕೇಂದ್ರವಾಗಿ ಬರೆಸಿದ್ದರು. ಸುಡುಬಿಸಿಲಿನ ದಿನಗಳಲ್ಲಿ ನ್ಯಾಮತಿಯ ಕಡೆಯಿಂದ ತುಂಗಭದ್ರೆಯ ದಡದ ಹೊನ್ನಾಳಿಗೆ ಬಸ್ಸಿನಲ್ಲಿ ಹೋಗಿ ಬರುವುದು. ಪರೀಕ್ಷೆಯ ಕೋಣೆಯಲ್ಲಿ ಲಂಗದಾವಣಿಯ ಹುಡುಗಿಯರ ನಡುವೆ ಸೀರೆ ಉಟ್ಟವಳು ಅವಳೊಬ್ಬಳೇ. ಮೊದಲ ದಿನ ಬಾಗಿಲಲ್ಲಿದ್ದವರೊಬ್ಬರು, ‘ಮಕ್ಕಳನ್ನು ಬಿಡಲು ಬಂದವರು ಹೊರಗೆ ನಿಲ್ಲಬೇಕು’ ಎಂದರಂತೆ. ಅವ್ವ ಪ್ರವೇಶಪತ್ರವನ್ನು ತೋರಿಸಿದಳು. ಆ ವರ್ಷ ಗಣಿತ ಹೋಯಿತು, ಮರುಪರೀಕ್ಷೆಯಲ್ಲಿ ದಾಟಿತು. ಬಾಯಿಲೆಕ್ಕದಲ್ಲಿ ಪಳಗಿದವಳಿಗೆ ಉತ್ತರ ಬರುತ್ತಿತ್ತು, ಅದಕ್ಕೆ ಹೋಗುವ ಮೆಟ್ಟಿಲುಗಳನ್ನು ಬರೆದು ತೋರಿಸುವುದು ಬರುತ್ತಿರಲಿಲ್ಲ.

ಪಿ.ಯು.ಸಿ.ಯನ್ನೂ ಖಾಸಗಿಯಾಗಿಯೇ ಮುಗಿಸಿದ ಮೇಲೆ ಪದವಿಯ ಪ್ರಶ್ನೆ ಬಂತು. ಕಾಲೇಜಿಗೆ ಹೋಗುವ ಮಾತೇ ಇರಲಿಲ್ಲ. ಇಲ್ಲಿ ಕಾಲವೂ ನೆರವಿಗೆ ಬಂತೆನ್ನಬೇಕು. 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯ ಅಂಚೆಯ ಮೂಲಕ ಪಾಠ ಕಳಿಸುವ ಪದ್ಧತಿಯನ್ನು ದೇಶದಲ್ಲಿ ಮೊದಲು ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಶಿಕ್ಷಣದ ಸಂಸ್ಥೆಯನ್ನು ತೆರೆಯಿತು. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆದದ್ದು ಇದೇ ಬೀಜ. ಮೈಸೂರಿನಿಂದ ಪಾಠದ ಕಟ್ಟುಗಳು ಚನ್ನಗಿರಿಗೆ ಬರತೊಡಗಿದವು. ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಇವು ಅಜ್ಜನಿಗೂ ಹೊಸವು. ಮಾವ ಓದಿ ಹೇಳುವುದು, ಸೊಸೆ ಕೇಳುವುದು. ಒಂದೆರಡು ತಿಂಗಳಲ್ಲಿ ಸೊಸೆ ಓದಿ ಹೇಳುವುದು, ಮಾವ ಕೇಳುವುದು ಎಂದಾಯಿತು. ಅಂಚೆಯವನು ಬಂದರೆ ಓಡಿಹೋಗಿ ಕಟ್ಟನ್ನು ಇಸಿದುಕೊಳ್ಳುವ ಕೆಲಸ ನನ್ನದಾಗಿತ್ತು. 1978ರಲ್ಲಿ ಶಿವಮೊಗ್ಗದಲ್ಲಿ ಕಡೆಯ ಪರೀಕ್ಷೆ ಬರೆದಳು. ಆ ಫಲಿತಾಂಶವನ್ನು ನೋಡಲು ಅಜ್ಜ ಇರಲಿಲ್ಲ. ನಾಲ್ಕು ತಿಂಗಳ ಹಿಂದೆ ತೀರಿಕೊಂಡಿದ್ದರು. ಪದವಿಪತ್ರ ಬಂದ ದಿನ ಅಜ್ಜಿ ಅದನ್ನು ತೆಗೆದುಕೊಂಡು, ಮಾತಿಲ್ಲದೆ ಅಜ್ಜನ ಪಟದ ಮುಂದೆ ಇಟ್ಟರು. ಮರುವರ್ಷ ಅವ್ವನಿಗೆ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸವಾಯಿತು. 2006ರಲ್ಲಿ ನಿವೃತ್ತಳಾಗುವವರೆಗೆ ಆ ಸಂಬಳ ನಮ್ಮ ಮನೆಯನ್ನು ಹೊತ್ತಿತು.

ಕಥೆಯನ್ನು ಇಲ್ಲಿಗೆ ಮುಗಿಸಿದರೆ ಓದುಗರಿಗೆ ಹಿತವಾಗುತ್ತದೆ. ಆದರೆ ಆ ಜಗಲಿಯ ಮೇಲೆ ಇಬ್ಬರು ಹುಡುಗಿಯರಿದ್ದರು.

ನನ್ನ ಚಿಕ್ಕವ್ವನನ್ನು ಜಗಳೂರು ತಾಲ್ಲೂಕಿನ ಹಳ್ಳಿಗೆ ಕೊಟ್ಟಿದ್ದರು. ಮಳೆಯನ್ನು ನಂಬಿದ ಹೊಲ, ತುಂಬಿದ ಮನೆ. ಅವ್ವ ತನ್ನ ಎಸ್.ಎಸ್.ಎಲ್.ಸಿ. ಮುಗಿದ ಕೂಡಲೇ ಪುಸ್ತಕಗಳನ್ನೆಲ್ಲ ಗಂಟುಕಟ್ಟಿ ತಂಗಿಗೆ ಕಳಿಸಿದಳು. ಚಿಕ್ಕವ್ವ ಅವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಅವಳ ಇಬ್ಬರು ಮೈದುನಂದಿರು ಅವೇ ಪುಸ್ತಕಗಳಿಂದ, ಅವಳಿಂದಲೇ ಹೇಳಿಸಿಕೊಂಡು ಪಾಸಾದರು. ಅವಳ ಅರ್ಜಿ ಮಾತ್ರ ತುಂಬಲಿಲ್ಲ. ಒಂದು ವರ್ಷ ಹೆರಿಗೆ. ಇನ್ನೊಂದು ವರ್ಷ ಮಳೆ ಹೋಗಿ, ಪರೀಕ್ಷೆಯ ಶುಲ್ಕದ ಹಣ ಮೇವಿಗೆ ಹೋಯಿತು. ಮೂರನೆಯ ವರ್ಷ ಅತ್ತೆ ಹಾಸಿಗೆ ಹಿಡಿದರು. ಯಾರೂ ಬೇಡವೆನ್ನಲಿಲ್ಲ, ಯಾರೂ ಹೋಗು ಎನ್ನಲೂ ಇಲ್ಲ. ಹೀಗೆ ವರ್ಷಗಳು ಕಳೆದವು. ಒಮ್ಮೆ ನಾನು ಅವ್ವನ ಪದವಿಯನ್ನು ಹೊಗಳಿದಾಗ ಅವಳು ತಡೆದಳು. ‘ನನಗೇನು ಬುದ್ಧಿ ಹೆಚ್ಚಿರಲಿಲ್ಲ ಕಣಪ್ಪ. ಅವಳು ನನಗಿಂತ ಚುರುಕು. ನನಗೆ ಮಾವ ಇದ್ದರು. ಅವಳಿಗೆ ಇರಲಿಲ್ಲ’ ಎಂದಳು.

ಮನೆಯ ವಿದ್ಯೆಯ ಚರಿತ್ರೆಯೆಲ್ಲ ಈ ಮಾತಿನಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ. ಮನೆಯೇ ಶಾಲೆಯಾದಾಗ ಮಗುವಿನ ಅದೃಷ್ಟವೆಲ್ಲ ಮನೆಯವರ ಕೈಯಲ್ಲಿರುತ್ತದೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮ ಮಕ್ಕಳಿಗೆ ಎಳವೆಯ ವಿದ್ಯೆಯನ್ನು ಮನೆಯಲ್ಲಿಯೇ ಕಲಿಸಿದರು; ಅವರಲ್ಲಿ ಒಬ್ಬರಾದ ಉಲ್ಲಾಸ ಕಾರಂತರು ಮುಂದೆ ಎಂಜಿನಿಯರಿಂಗ್ ಪದವಿ ಪಡೆದು, ಆಮೇಲೆ ಹುಲಿಗಳ ಅಧ್ಯಯನದಲ್ಲಿ ಲೋಕಪ್ರಸಿದ್ಧರಾದರು. ಆ ಮನೆಯಲ್ಲಿ ಕಾರಂತರಿದ್ದರು, ಕಾಡಿತ್ತು, ಪುಸ್ತಕಗಳಿದ್ದವು. ಇಂದು ಬೆಂಗಳೂರಿನಲ್ಲಿ ಮನೆಪಾಠದ ದಾರಿ ಹಿಡಿದ ಕುಟುಂಬಗಳಿಗೂ ಅನುಕೂಲಗಳುಂಟು. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲೆಯ ಪರೀಕ್ಷೆಯೂ ಉಂಟು. ಅವರ ಸಾಹಸವನ್ನು ನಾನು ಹಳಿಯಲಾರೆ. ನಾನೇ ಅಂಥ ಮನೆಯ ಕೂಸು. ಆದರೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆ 6ರಿಂದ 14ರ ವರೆಗಿನ ಪ್ರತಿ ಮಗುವಿಗೂ ಶಾಲೆಯನ್ನು ಹಕ್ಕಾಗಿ ಕೊಟ್ಟಿದ್ದು ಮಾವನಿಲ್ಲದ ಹುಡುಗಿಯರಿಗಾಗಿ ಎಂಬುದನ್ನು ಮರೆಯಬಾರದು. ಮನೆಯಲ್ಲಿ ಕಲಿಯುವವರಿಗೆ ಪರೀಕ್ಷೆಯ ಬಾಗಿಲು ತೆರೆದಿರಬೇಕು. ಮನೆಯಲ್ಲಿ ಕಲಿಸುವವರಿಲ್ಲದವರಿಗೆ ಊರಿನಲ್ಲಿಯೇ ಶಾಲೆಯ ಬಾಗಿಲು ತೆರೆದಿರಬೇಕು. ಎರಡರಲ್ಲಿ ಒಂದು ಸಾಲದು.

ಚನ್ನಗಿರಿ, ಹೊನ್ನಾಳಿಗಳು ಅಂದು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. 1997ರಲ್ಲಿ ಎಲ್ಲ ದಾವಣಗೆರೆ ಜಿಲ್ಲೆಯಾದವು; 2018ರಲ್ಲಿ ನ್ಯಾಮತಿಯೂ ತಾಲ್ಲೂಕಾಯಿತು. ದಾವಣಗೆರೆಯಲ್ಲಿ 2009ರಿಂದ ವಿಶ್ವವಿದ್ಯಾನಿಲಯವೇ ಇದೆ. ಆದರೂ 2020ರಲ್ಲಿ ಕೊರೋನಾ ಬಂದು ಶಾಲೆಗಳೆಲ್ಲ ಮುಚ್ಚಿದಾಗ, ವಿದ್ಯೆ ಮತ್ತೆ ಜಗಲಿಗೇ ಬರಬೇಕಾಯಿತು. ‘ವಿದ್ಯಾಗಮ’ವೆಂಬ ಹೆಸರಿನಲ್ಲಿ ಮೇಷ್ಟರುಗಳು ಕೆಲಕಾಲ ಊರೂರಿಗೆ ಹೋಗಿ, ಗುಡಿಯ ಕಟ್ಟೆಗಳ ಮೇಲೆ, ಮರದ ನೆರಳಿನಲ್ಲಿ ಪಾಠ ಹೇಳಿದರು. ಅವರು ಬಾರದ ದಿನಗಳಲ್ಲಿ ಆ ಹಳ್ಳಿಯ ಮಕ್ಕಳು ಚಿಕ್ಕವ್ವನ ಜಗಲಿಯ ಮೇಲೆ ಕೂರುತ್ತಿದ್ದರು. ಅವಳಿಗೆ ಆಗ ಅರವತ್ತೊಂಬತ್ತು. ಮೊರದಲ್ಲಿ ಮರಳು ಹರವಿ ಚಿಕ್ಕವರಿಂದ ಅಕ್ಷರ ತಿದ್ದಿಸುತ್ತಿದ್ದಳು. ದೊಡ್ಡವರನ್ನು ಚಿಕ್ಕವರ ಪಕ್ಕದಲ್ಲಿ ಕೂರಿಸುತ್ತಿದ್ದಳು. ಕ್ಯಾಂಬೆಲನ ಹೆಸರನ್ನು ಅವಳು ಕೇಳಿದವಳಲ್ಲ.

ಮುತ್ತಜ್ಜನ ಕಡತವನ್ನು ಯಾರು ಇಟ್ಟುಕೊಳ್ಳಬೇಕೆಂದು ಅವ್ವನನ್ನು ಕೇಳಿದೆ. ‘ಜಗಳೂರಿಗೆ ಕೊಡು’ ಎಂದಳು. ಕಳೆದ ಸಲ ಹೋದಾಗ ಒಯ್ದು ಕೊಟ್ಟೆ. ಚಿಕ್ಕವ್ವ ಕನ್ನಡಕ ಹಾಕಿಕೊಂಡು, ಒಂದೊಂದೇ ಮಡಿಕೆ ಬಿಚ್ಚಿ, ಬಾಯಲ್ಲಿ ಹೇಳಿಕೊಳ್ಳುತ್ತ ಓದಿದಳು. ಮುಕ್ಕಾಲಿನ ಮಗ್ಗಿಗೆ ಬಂದವಳು ಬೆರಳಿಟ್ಟು ನಿಂತಳು.

‘ಇಲ್ನೋಡು, ಒಂಬತ್ತು ಮುಕ್ಕಾಲಿಗೆ ಆರೂವರೆ ಅಂತ ಬರೆದೈತಿ. ಆರೂ ಮುಕ್ಕಾಲು ಆಗಬೇಕು. ಇದಕ್ಕೆ ನಮ್ಮಜ್ಜ ಐಗಳ ಕೈಲಿ ಏಟು ತಿಂದಿರಬೇಕು!’ ಎಂದು ನಕ್ಕಳು.

ಆ ಕಡತವನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ನಾನೂ ಅವ್ವನೂ ಎಷ್ಟು ಸಲ ನೋಡಿದ್ದೆವೊ! ಪದವೀಧರರಾದ ನಮ್ಮಿಬ್ಬರಿಗೂ ಅದು ಕಂಡಿರಲಿಲ್ಲ.